ಶ್ರೀರಂಗಪಟ್ಟಣವೂ ಅದರ ಅರಮನೆಯೂ

ಮೈಸೂರಿನಿಂದ ಬೆಂಗಳೂರಿಗೆ ರೈಲಿನಲ್ಲಿ ಹೊರಟವರು ಅರ್ಧ ಗಂಟೆ ಕಳೆಯುವುದರೊಳಗಾಗಿ ಎರಡು ಸಲ ಕಾವೇರಿಯನ್ನು ದಾಟುತ್ತಾರೆ. ಮೊದಲು ದಾಟುವುದು ನದಿಯ ತೆಂಕಣ ಕವಲನ್ನು. ಎರಡನೆಯದಾಗಿ ಬಡಗಣ ಕವಲನ್ನು. ಈ ಎರಡು ಸೇತುವೆಗಳ ನಡುವೆ ಗಾಡಿಯು ಹಳೆಯದೊಂದು ಕೋಟೆಯ ಗೋಡೆಯನ್ನು ಸೀಳಿಕೊಂಡು ಹೋಗುತ್ತದೆ. ಕಿಟಕಿಯ ಬಳಿ ಕುಳಿತವರಿಗೆ ಒಂದು ಕಡೆ ದೇವಾಲಯದ ಗೋಪುರ, ಇನ್ನೊಂದು ಕಡೆ ಮಸೀದಿಯ ಎರಡು ಮಿನಾರುಗಳು, ನಡುವೆ ತೆಂಗಿನ ಮರಗಳು, ಹೆಂಚಿನ ಮನೆಗಳು ಕಾಣಿಸಿ ಮರೆಯಾಗುತ್ತವೆ. ೧೮೮೨ರಲ್ಲಿ ಮೈಸೂರಿಗೆ ರೈಲು ಬಂದಂದಿನಿಂದ ಎಷ್ಟೋ ಲಕ್ಷ ಜನರು ಈ ನೋಟವನ್ನು ನೋಡಿದ್ದಾರೆ. ತಾವು ಈಗ ಹಾದುಹೋದದ್ದು ಸುಮಾರು ನೂರೆಂಬತ್ತೊಂಬತ್ತು ವರ್ಷಗಳ ಕಾಲ ಒಂದು ರಾಜ್ಯದ ತಲೆಯೂರಾಗಿದ್ದ ಪಟ್ಟಣವನ್ನು ಎಂಬುದನ್ನು ಅವರಲ್ಲಿ ಅನೇಕರು ಬಲ್ಲರು. ಆದರೆ ರಾಜಧಾನಿಯೆಂದ ಮೇಲೆ ಅರಮನೆಯಿರಬೇಕಲ್ಲವೆ? ಅದೆಲ್ಲಿ ಎಂದು ಕೇಳಿಕೊಳ್ಳುವವರು ಕಡಮೆ.

ಇಳಿದು ಕೋಟೆಯೊಳಗೆ ಹೋಗಿ ನೋಡಿದವರಿಗೆ ಈ ಪ್ರಶ್ನೆ ತಾನಾಗಿಯೇ ಏಳುತ್ತದೆ. ದೇವಸ್ಥಾನವಿದೆ, ಮಸೀದಿಯಿದೆ, ಸೆರೆಮನೆಯ ನೆಲಮಾಳಿಗೆಗಳಿವೆ, ಕೋಟೆಯ ಹೊರಗೆ ತೋಟದರಮನೆಯಿದೆ, ದ್ವೀಪದ ಮೂಡಣ ತುದಿಯಲ್ಲಿ ಗೋರಿಯಿದೆ. ರಾಜನು ವಾಸವಾಗಿದ್ದ, ರಾಜ್ಯವನ್ನಾಳಿದ ಮನೆ ಮಾತ್ರ ಇಲ್ಲ. ಶ್ರೀರಂಗನಾಥಸ್ವಾಮಿಯ ಗುಡಿಯ ಸಮೀಪದಲ್ಲಿ ಕೆಲವು ಅಡಿಪಾಯದ ಕಲ್ಲುಗಳನ್ನೂ ಮೋಟು ಗೋಡೆಗಳನ್ನೂ ತೋರಿಸಿ, ಲಾಲ್ ಮಹಲ್ ಎಂಬ ಅರಮನೆ ಇಲ್ಲಿತ್ತು ಎಂದು ಹೇಳುತ್ತಾರೆ. ಒಂದು ಪಟ್ಟಣದಲ್ಲಿ ಎಲ್ಲಕ್ಕಿಂತ ಭದ್ರವಾಗಿ ಕಟ್ಟಿದ ಮನೆಯೇ ಎಲ್ಲಕ್ಕಿಂತ ಮೊದಲು ಅಳಿದುಹೋದುದು ಹೇಗೆ? ಇಂದು ನಾವು ಈ ಒಂದು ಪ್ರಶ್ನೆಯನ್ನು ಮುಂದಿಟ್ಟುಕೊಂಡು ಆ ಊರಿನ ಕಥೆಯನ್ನು ಸ್ವಲ್ಪ ವಿಚಾರಿಸೋಣ.

ಶ್ರೀರಂಗಪಟ್ಟಣವು ಸುಮಾರು ಮೂರು ಮೈಲಿ ಉದ್ದ, ಒಂದು ಮೈಲಿ ಅಗಲವುಳ್ಳ ದ್ವೀಪ. ಕಾವೇರಿಯು ಇಲ್ಲಿ ಎರಡಾಗಿ ಒಡೆದು ಮತ್ತೆ ಸಂಗಮದಲ್ಲಿ ಒಂದಾಗುತ್ತದೆ. ಇದೇ ನದಿಯು ಮುಂದೆ ಶಿವನಸಮುದ್ರದಲ್ಲಿಯೂ ತಮಿಳು ನಾಡಿನ ಶ್ರೀರಂಗದಲ್ಲಿಯೂ ದ್ವೀಪಗಳನ್ನು ಮಾಡಿದೆ. ಮೂರರಲ್ಲಿಯೂ ರಂಗನಾಥನು ಪವಡಿಸಿದ್ದಾನೆ. ಆದುದರಿಂದ ಭಕ್ತರು ಮೊದಲನೆಯದನ್ನು ಆದಿರಂಗ, ನಡುವಣದನ್ನು ಮಧ್ಯರಂಗ, ಕಡೆಯದನ್ನು ಅಂತ್ಯರಂಗ ಎಂದು ಕರೆದರು. ಅರಸನಿಗಿಂತ ಮೊದಲು ಈ ದ್ವೀಪಕ್ಕೆ ದೇವರು ಬಂದನು. ಗಂಗರ ಆಳ್ವಿಕೆಯಲ್ಲಿ, ಕ್ರಿ. ಶ. ೮೯೪ರಲ್ಲಿ, ಕಾಡು ಬೆಳೆದಿದ್ದ ಈ ನೆಲದಲ್ಲಿ ತಿರುಮಲಯ್ಯನೆಂಬವನು ರಂಗನಾಥನಿಗೆ ಗುಡಿಯನ್ನು ಕಟ್ಟಿಸಿದನೆಂದು ಪರಂಪರೆಯಿಂದ ಬಂದ ಕಥೆ. ದೇವರ ಹೆಸರೇ ಊರಿಗೆ ನಿಂತಿತು.

ಕೋಟೆ ಬಂದುದು ಬಹುಕಾಲದ ಮೇಲೆ. ನಾಗಮಂಗಲದ ತಿಮ್ಮಣ್ಣ ಹೆಬ್ಬಾರನು ೧೪೫೪ರಲ್ಲಿ ವಿಜಯನಗರದ ಅರಸರಿಂದ ಅಪ್ಪಣೆ ಪಡೆದು, ದೊರೆತ ನಿಧಿಯೊಂದರ ಹಣದಿಂದ ಇಲ್ಲಿ ಕೋಟೆಯನ್ನು ಕಟ್ಟಿಸಿದನೆಂದೂ, ಹತ್ತಿರದ ಕಳಸ್ತವಾಡಿಯಲ್ಲಿದ್ದ ನೂರೊಂದು ಜಿನಾಲಯಗಳ ಕಲ್ಲುಗಳನ್ನು ತಂದು ರಂಗನಾಥನ ಗುಡಿಯನ್ನು ಹಿರಿದು ಮಾಡಿದನೆಂದೂ ಹೇಳುವರು. ನೂರೊಂದು ಎಂಬ ಲೆಕ್ಕವನ್ನು ನಾವು ಅಕ್ಷರಶಃ ನಂಬಬೇಕಾದುದಿಲ್ಲ. ಆದರೆ ಈ ಐತಿಹ್ಯದಲ್ಲಿರುವ ಒಂದು ಸಂಗತಿಯನ್ನು ಮಾತ್ರ ನೆನಪಿನಲ್ಲಿಟ್ಟುಕೊಳ್ಳಬೇಕು. ಒಬ್ಬರ ಕಲ್ಲು ಇನ್ನೊಬ್ಬರ ಗೋಡೆಯಾಗುವುದು ಈ ಸೀಮೆಯಲ್ಲಿ ಹೊಸ ವಿಷಯವಲ್ಲ. ಈ ಪಟ್ಟಣವು ಏಳುವಾಗ ಏನನ್ನು ಮಾಡಿತೋ ಬೀಳುವಾಗ ಅದನ್ನೇ ಅನುಭವಿಸಿತು.

ವಿಜಯನಗರದ ಪ್ರತಿನಿಧಿಗಳು ಶ್ರೀರಂಗಪಟ್ಟಣದಲ್ಲಿ ಕುಳಿತು ಸುತ್ತಣ ಪಾಳೆಯಗಾರರಿಂದ ಕಪ್ಪವನ್ನು ಎತ್ತುತ್ತಿದ್ದರು. ಕಪ್ಪ ಕೊಡುತ್ತಿದ್ದವರಲ್ಲಿ ಮೈಸೂರಿನ ಒಡೆಯರೂ ಒಬ್ಬರು. ಸಾಮ್ರಾಜ್ಯವು ಕುಂದಿದಂತೆಲ್ಲ ಪ್ರತಿನಿಧಿಯ ಕೈ ಸಡಿಲಿತು. ೧೬೧೦ರಲ್ಲಿ ರಾಜ ಒಡೆಯರು ಶ್ರೀರಂಗಪಟ್ಟಣವನ್ನು ವಶಪಡಿಸಿಕೊಂಡು ಅಲ್ಲಿಯೇ ಸಿಂಹಾಸನವನ್ನೇರಿದರು. ವಿಜಯನಗರದ ಮಹಾನವಮಿಯ ಉತ್ಸವವನ್ನು ಅದೇ ವರ್ಷ ಇಲ್ಲಿ ಆಚರಿಸಿದರು. ಇಂದು ನಾಡಿಗೆಲ್ಲ ಮೈಸೂರು ದಸರಾ ಎಂದು ಹೆಸರಾಗಿರುವ ಹಬ್ಬವು ಹುಟ್ಟಿದುದು ಈ ದ್ವೀಪದಲ್ಲಿ. ತಲಕಾಡಿನ ಮರಳು, ಮಾಲಂಗಿಯ ಮಡು, ಮೈಸೂರು ದೊರೆಗಳ ಸಂತಾನ, ಇವನ್ನು ಕುರಿತ ಅಲಮೇಲಮ್ಮನ ಶಾಪದ ಕಥೆಯೂ ಇದೇ ಸಂದರ್ಭಕ್ಕೆ ಹೊಂದಿಕೊಂಡಿದೆ. ಗೆದ್ದವರ ಬಿರುದಾವಳಿಯ ಜೊತೆಯಲ್ಲಿ ಸೋತವರ ಮನೆಯ ಹೆಂಗಸೊಬ್ಬಳ ಮಾತನ್ನೂ ಜನರು ಉಳಿಸಿಕೊಂಡು ಬಂದರೆಂಬುದು ಗಮನಿಸತಕ್ಕ ಸಂಗತಿ.

ರಾಜ ಒಡೆಯರ ತರುವಾಯ ಪಟ್ಟಣವು ಬೆಳೆಯಿತು. ರಣಧೀರ ಕಂಠೀರವ ನರಸರಾಜ ಒಡೆಯರು ೧೬೩೮ರಲ್ಲಿ ಪಟ್ಟಕ್ಕೆ ಬಂದರು. ಬಂದ ಸ್ವಲ್ಪಕಾಲದಲ್ಲಿಯೇ ಬಿಜಾಪುರದ ರಣದುಲ್ಲಾ ಖಾನನ ದಂಡು ಕೋಟೆಯನ್ನು ಮುತ್ತಿ, ಪೆಟ್ಟು ತಿಂದು ಹಿಂದಿರುಗಿತು. ಅವರು ಕೋಟೆಯನ್ನು ಬಲಪಡಿಸಿದರು. ತಮ್ಮ ಹೆಸರಿನ ಹಣವನ್ನು ಟಂಕಿಸಿದರು. ಗೋವಿಂದವೈದ್ಯನು ರಚಿಸಿದ ‘ಕಂಠೀರವ ನರಸರಾಜ ವಿಜಯ’ ಎಂಬ ಸಾಂಗತ್ಯ ಕಾವ್ಯದಲ್ಲಿ ಆ ಕಾಲದ ಶ್ರೀರಂಗಪಟ್ಟಣದ ಬೀದಿಗಳ, ಅರಮನೆಯ, ಮಹಾನವಮಿಯ ಒಡ್ಡೋಲಗದ ವರ್ಣನೆ ವಿಸ್ತಾರವಾಗಿದೆ. ಒಡೆಯರ ಆ ಅರಮನೆಯನ್ನು ಇಂದು ನಾವು ನೋಡಬೇಕೆಂದರೆ ಈ ಕಾವ್ಯದಲ್ಲಿ ನೋಡಬೇಕೇ ಹೊರತು ಬೇರೆಡೆಯಲ್ಲಿ ಅಲ್ಲ. ೧೬೭೩ರಿಂದ ೧೭೦೪ರ ವರೆಗೆ ಆಳಿದ ಚಿಕ್ಕದೇವರಾಜ ಒಡೆಯರು ಇಲ್ಲಿಂದಲೇ ಹದಿನೆಂಟು ಇಲಾಖೆಗಳ ಅಠಾರಾ ಕಚೇರಿಯನ್ನು ನಡೆಯಿಸಿದರು.

ಈ ಊರನ್ನು ರಾಜಧಾನಿಯಾಗಿ ಆರಿಸಿದ್ದಕ್ಕೆ ಮುಖ್ಯ ಕಾರಣ ನೀರು. ಸುತ್ತಲೂ ಹರಿಯುವ ನದಿಯೇ ಅಗಳು. ಅದರ ಹಿಂದೆ ಕೋಟೆಯ ಗೋಡೆ. ಕಲ್ಲನ್ನು ಕಡಿದು ತೋಡಿದ ಕಂದಕ. ಮಳೆಗಾಲದಲ್ಲಿ ಕೊಡಗಿನ ಬೆಟ್ಟಗಳಿಂದ ಕೆಂಪು ನೀರು ಇಳಿದು ಬಂತೆಂದರೆ ಯಾವ ದಂಡೂ ದ್ವೀಪವನ್ನು ಮುಟ್ಟುವ ಹಾಗಿರಲಿಲ್ಲ. ಆದರೆ ಬೇಸಿಗೆಯಲ್ಲಿ ಇದೇ ನದಿ ಬಂಡೆಗಳ ನಡುವೆ ಮೊಣಕಾಲುದ್ದ ಹರಿಯುತ್ತಿತ್ತು. ಆಗ ಅಗಳು ದಾರಿಯಾಗುತ್ತಿತ್ತು. ಆದುದರಿಂದ ಶ್ರೀರಂಗಪಟ್ಟಣದ ಚರಿತ್ರೆಯಲ್ಲಿ ಯುದ್ಧದ ಭವಿಷ್ಯವನ್ನು ಪಂಚಾಂಗವನ್ನು ನೋಡಿಯೇ ಹೇಳಬಹುದಾಗಿತ್ತು. ಮುಂಗಾರಿಗೆ ಮುಂಚೆ ಮುಗಿಸಬೇಕೆಂದು ಹೊರಗಿನವರ ಆತುರ. ಮುಂಗಾರಿನ ವರೆಗೆ ತಡೆಯಬೇಕೆಂದು ಒಳಗಿನವರ ಹಟ. ಗೋಡೆಯಷ್ಟೇ ಹಣವೂ ಕೆಲವು ಸಲ ಪಟ್ಟಣವನ್ನು ಕಾಪಾಡಿತು. ೧೭೫೭ರಲ್ಲಿ ಪೇಶ್ವೆ ಬಾಲಾಜಿ ರಾಯನು ಮುತ್ತಿಗೆ ಹಾಕಿದಾಗ ಮೂವತ್ತೆರಡು ಲಕ್ಷ ರೂಪಾಯಿಗಳಿಗೆ ಒಪ್ಪಂದವಾಗಿ ಮರಾಠರು ಹಿಂದಿರುಗಿದರು.

೧೭೬೧ರ ವೇಳೆಗೆ ಅಧಿಕಾರವೆಲ್ಲ ಹೈದರ್ ಅಲಿಯ ಕೈಗೆ ಬಂತು. ಒಡೆಯರು ಹೆಸರಿಗೆ ದೊರೆಗಳಾಗಿ ಅರಮನೆಯಲ್ಲಿ ಉಳಿದರು. ಹೈದರನು ೧೭೮೨ರ ಡಿಸೆಂಬರಿನಲ್ಲಿ ಚಿತ್ತೂರಿನ ಬಳಿ ದಂಡಿನಲ್ಲಿದ್ದಾಗ ತೀರಿಕೊಂಡನು. ಆತನ ದೇಹವನ್ನು ದ್ವೀಪದ ಲಾಲ್ ಬಾಗಿಗೆ ತಂದು ಮಣ್ಣು ಮಾಡಿದರು. ಮಗನಾದ ಟಿಪ್ಪು ಸುಲ್ತಾನನು ಅದರ ಮೇಲೆ ಗುಂಬಜನ್ನು ಎತ್ತಿಸಿದನು. ನುಣುಪಾದ ಕರಿಯ ಕಲ್ಲಿನ ಮೂವತ್ತಾರು ಕಂಬಗಳು ಇಂದಿಗೂ ಕನ್ನಡಿಯಂತೆ ಹೊಳೆಯುತ್ತವೆ. ೧೭೮೪ರಲ್ಲಿ ದರಿಯಾ ದೌಲತ್ ಎಂಬ ತೋಟದರಮನೆ, ೧೭೮೭ರಲ್ಲಿ ಎರಡು ಮಿನಾರುಗಳ ಮಸೀದಿ ಸಿದ್ಧವಾದುವು.

ಆದರೆ ಟಿಪ್ಪುವು ರಾಜ್ಯವನ್ನಾಳಿದುದು ಕೋಟೆಯೊಳಗಿನ ಲಾಲ್ ಮಹಲಿನಿಂದ. ಪಟ್ಟಣವು ಇಂಗ್ಲಿಷರ ವಶವಾದ ಮರುವರ್ಷ, ೧೮೦೦ರಲ್ಲಿ, ವೈದ್ಯನಾದ ಫ್ರಾನ್ಸಿಸ್ ಬುಕಾನನನು ದೇಶವನ್ನು ಪರಿಶೀಲಿಸಲು ಬಂದು ಈ ಅರಮನೆಯನ್ನು ಕಣ್ಣಾರೆ ಕಂಡು ಬರೆದಿಟ್ಟಿದ್ದಾನೆ. ಅವನ ಬರಹದಿಂದ ನಮಗೆ ತಿಳಿಯುವುದಿಷ್ಟು: ಕಲ್ಲು ಮಣ್ಣಿನ ಎತ್ತರವಾದ ದಪ್ಪ ಗೋಡೆಯೊಂದು ಅದನ್ನು ಸುತ್ತುವರಿದಿತ್ತು, ಹೊರನೋಟಕ್ಕೆ ಅಂಥ ಅಂದವೇನೂ ಇರಲಿಲ್ಲ. ಒಳಗೆ ಚೌಕದ ಅಂಗಳ. ಅದರ ಒಂದು ಪಕ್ಕದಲ್ಲಿ ಸುಲ್ತಾನನ ವಾಸದ ಮನೆ. ಉಳಿದ ಮೂರು ಪಕ್ಕಗಳಲ್ಲಿ ಉಗ್ರಾಣಗಳು, ಏಕೆಂದರೆ ಆತನು ತನ್ನ ಸರ್ಕಾರವನ್ನೇ ಒಂದು ವರ್ತಕ ಕೋಠಿಯನ್ನಾಗಿ ಮಾಡಿದ್ದನು. ಮುಂಭಾಗದಲ್ಲಿ ಕಂದಾಯದ ಕಚೇರಿ. ಪ್ರಜೆಗಳಿಗೆ ದರ್ಶನ ಕೊಡುತ್ತಿದ್ದುದೂ ಅಲ್ಲಿಂದಲೇ. ಅಲ್ಲಿಂದ ಒಳಕ್ಕೆ ಹೋಗಲು ಇಕ್ಕಟ್ಟಾದ ಒಂದೇ ಓಣಿ. ಆ ಓಣಿಯಲ್ಲಿ ಸರಪಳಿ ಬಿಗಿದ ನಾಲ್ಕು ಹುಲಿಗಳು. ಒಳಗಡೆ ಸುಲ್ತಾನನು ಕುಳಿತು ಬರೆಯುತ್ತಿದ್ದ ಹಜಾರವು ಒಂದು ಕಡೆ ತೆರೆದು ಮೂರು ಕಡೆ ಗಾಳಿಗೆ ಎಡೆಯಿಲ್ಲದಂತೆ ಮುಚ್ಚಿತ್ತು. ಮೀರ್ ಸಾದಕನನ್ನು ಬಿಟ್ಟು ಅಲ್ಲಿಗೆ ಪ್ರವೇಶವಿದ್ದವರು ವಿರಳ.

ಈ ವರ್ಣನೆಯನ್ನು ಓದುವಾಗ ನಮಗೆ ಹೊಳೆಯುವ ಭಾವನೆಯೊಂದುಂಟು. ಬರೆದವನು ಗೆದ್ದವರ ಕಡೆಯವನೆಂಬುದನ್ನು ಲೆಕ್ಕಕ್ಕೆ ತೆಗೆದುಕೊಂಡರೂ ಅದು ಮಾಸುವುದಿಲ್ಲ. ಆ ಮನೆಯು ಇಡೀ ರಾಜ್ಯದ ಲೆಕ್ಕ, ಸರಕು, ಆಜ್ಞೆ ಎಲ್ಲವನ್ನೂ ಒಂದೇ ಬಾಗಿಲಿನೊಳಗೆ ಸೇರಿಸಿಕೊಂಡಿತ್ತು. ಒಬ್ಬ ಮನುಷ್ಯನ ಎಚ್ಚರದ ಮೇಲೆ ಅದೆಲ್ಲವೂ ನಿಂತಿತ್ತು. ಆ ಮನುಷ್ಯನು ಹೋದ ಮೇಲೆ ಆ ಮನೆಗೆ ಬೇರೆ ಉದ್ದೇಶವಿರಲಿಲ್ಲ.

ಕೋಟೆಯ ಹೊರಗೆ ಊರು ಬೇರೆಯೇ ಆಗಿತ್ತು. ಟಿಪ್ಪುವು ಶಿರಾದಿಂದ ಹನ್ನೆರಡು ಸಾವಿರ ಕುಟುಂಬಗಳನ್ನು ತಂದು ಶಹರ್ ಗಂಜಾಮಿನಲ್ಲಿ ನೆಲೆಗೊಳಿಸಿದನೆಂದು ಹೇಳುವರು. ಅವರು ಬಂದುದು ತಮ್ಮ ಇಷ್ಟದಿಂದಲ್ಲ, ಅರಸನ ಅಪ್ಪಣೆಯಿಂದ. ಆದರೂ ಪೇಟೆ ತುಂಬಿತು, ಕಸುಬು ನಡೆಯಿತು. ಟಿಪ್ಪುವಿನ ಕಾಲದಲ್ಲಿ ದ್ವೀಪದ ಜನಸಂಖ್ಯೆ ಒಂದೂವರೆ ಲಕ್ಷವಿತ್ತೆಂದು ಬುಕಾನನನ ಅಂದಾಜು. ರಾಜಧಾನಿಯೆಂದರೆ ಇವರೆಲ್ಲರೂ: ನೇಯುವವರು, ಮಾರುವವರು, ಲೆಕ್ಕ ಬರೆಯುವವರು, ಕುದುರೆಗೆ ಹುಲ್ಲು ಹೊರುವವರು. ಅರಮನೆಯೊಂದು ಬಿದ್ದರೆ ಇವರ ಒಲೆಗಳೂ ಆರುತ್ತವೆ. ಅರಸರ ಕಥೆಯಲ್ಲಿ ನಾವು ಮರೆಯತಕ್ಕ ವಿಷಯವಲ್ಲ ಇದು.

ಇನ್ನು ಮೂರು ಮುತ್ತಿಗೆಗಳ ವಿಚಾರ. ೧೭೯೧ರ ಮೇ ತಿಂಗಳಲ್ಲಿ ಗವರ್ನರ್ ಜನರಲ್ ಕಾರ್ನ್‌ವಾಲಿಸನು ದ್ವೀಪದ ಸಮೀಪದ ಅರಕೆರೆಯ ವರೆಗೆ ಬಂದು ಕಾಳಗದಲ್ಲಿ ಗೆದ್ದನು. ಆದರೆ ಮಳೆ ಹಿಡಿಯಿತು, ಹೊಳೆ ಏರಿತು, ಎತ್ತುಗಳು ಸತ್ತುವು, ದಂಡಿಗೆ ಆಹಾರವಿಲ್ಲದಾಯಿತು. ಎಳೆದು ತಂದ ದೊಡ್ಡ ಫಿರಂಗಿಗಳನ್ನು ತಾನೇ ಒಡೆಯಿಸಿ ಅವನು ಬೆಂಗಳೂರಿಗೆ ಹಿಂದಿರುಗಬೇಕಾಯಿತು. ಕಾವೇರಿಯು ಆ ಸಲ ಊರನ್ನು ಉಳಿಸಿದಳು. ಅವನು ಪಾಠ ಕಲಿತು, ೧೭೯೨ರ ಫೆಬ್ರವರಿ ೬ರ ರಾತ್ರಿ, ಹೊಳೆ ಇಳಿದಿದ್ದ ಕಾಲದಲ್ಲಿ, ಮತ್ತೆ ಬಂದು ದ್ವೀಪದ ಮೇಲೆ ಕಾಲಿಟ್ಟನು. ಅರ್ಧ ರಾಜ್ಯ, ಮೂರು ಕೋಟಿ ಮೂವತ್ತು ಲಕ್ಷ ರೂಪಾಯಿ, ಒತ್ತೆಯಾಗಿ ಇಬ್ಬರು ಎಳೆಯ ಗಂಡುಮಕ್ಕಳು: ಇದು ಟಿಪ್ಪುವು ತೆತ್ತ ಬೆಲೆ. ಆ ಮಕ್ಕಳು ಕೋಟೆಯ ಬಾಗಿಲನ್ನು ದಾಟಿ ಹಗೆಯ ಪಾಳೆಯಕ್ಕೆ ಹೋದ ದಿನ ಅರಮನೆಯ ಒಳಗೆ ಏನಾಗಿರಬಹುದೆಂಬುದನ್ನು ಯಾವ ಚರಿತ್ರಕಾರನೂ ಬರೆಯಬೇಕಾಗಿಲ್ಲ, ತಂದೆತಾಯಿಗಳಾದವರು ಊಹಿಸಿಕೊಳ್ಳಬಲ್ಲರು.

ಮೂರನೆಯದು ೧೭೯೯. ಜನರಲ್ ಹ್ಯಾರಿಸನ ದಂಡು ಏಪ್ರಿಲ್ ತಿಂಗಳ ಮೊದಲ ವಾರದಲ್ಲಿ ಪಟ್ಟಣದ ಪಡುವಣ ಮಗ್ಗುಲಿಗೆ ಬಂದಿಳಿಯಿತು. ಅವನ ಬಳಿ ಉಳಿದಿದ್ದ ಅಕ್ಕಿ ಕೆಲವೇ ದಿನಗಳಿಗೆ ಸಾಲುವಷ್ಟು; ಮುಂಗಾರು ಹತ್ತಿರವಾಗಿತ್ತು. ಇನ್ನು ಸ್ವಲ್ಪ ದಿನ ಕೋಟೆ ತಡೆದಿದ್ದರೆ ೧೭೯೧ರ ಕಥೆಯೇ ಮತ್ತೊಮ್ಮೆ ನಡೆಯುತ್ತಿತ್ತೆಂದು ಹೇಳಲು ಆಧಾರವುಂಟು. ಆದರೆ ವಾಯವ್ಯದ ಮೂಲೆಯಲ್ಲಿ ಗೋಡೆ ಒಡೆಯಿತು. ಮೇ ೪ರಂದು ಮಧ್ಯಾಹ್ನ ಒಂದು ಗಂಟೆಗೆ, ಬಿಸಿಲು ನೆತ್ತಿಯ ಮೇಲಿದ್ದಾಗ, ಕಾವಲಿನವರು ವಿಶ್ರಾಂತಿಗೆ ಹೋಗುವ ಹೊತ್ತನ್ನು ನೋಡಿ, ನಾಲ್ಕು ಸಾವಿರಕ್ಕೂ ಮಿಕ್ಕ ಸೈನಿಕರು ಬಂಡೆಗಳ ನಡುವಿನ ನೀರನ್ನು ತುಳಿದುಕೊಂಡು ಬಂದರು. ಕೆಲವೇ ನಿಮಿಷಗಳಲ್ಲಿ ಬಿರುಕಿನ ಮೇಲೆ ಬಾವುಟವೇರಿತು. ಅವರನ್ನು ನಡೆಯಿಸಿದ ಡೇವಿಡ್ ಬೇರ್ಡನು ಹಿಂದೆ ಪೊಳ್ಳಿಲೂರಿನಲ್ಲಿ ಸೆರೆಸಿಕ್ಕಿ ಇದೇ ಕೋಟೆಯಲ್ಲಿ ಮೂರುವರೆ ವರ್ಷ ಕಾಲ ಸಂಕೋಲೆಯಲ್ಲಿದ್ದವನು. ನಡುಹಗಲ ಊಟಕ್ಕೆ ಕುಳಿತಿದ್ದ ಟಿಪ್ಪುವು ಗದ್ದಲವನ್ನು ಕೇಳಿ ಎದ್ದು ಕೋಟೆಯ ಬಡಗಣ ಗೋಡೆಯ ಮೇಲೆ ಕಾದಾಡುತ್ತ, ಒಳಬಾಗಿಲೊಂದರ ಇಕ್ಕಟ್ಟಿನಲ್ಲಿ ಬಿದ್ದನು. ರಾತ್ರಿ ದೀಪಗಳ ಬೆಳಕಿನಲ್ಲಿ ಹೆಣಗಳ ರಾಶಿಯ ಕೆಳಗೆ ಆತನ ದೇಹವು ಸಿಕ್ಕಿತು. ಮರುದಿನ ಸಂಜೆ ತಂದೆಯ ಮಗ್ಗುಲಲ್ಲಿ ಸಮಾಧಿಯಾಯಿತು. ಆಗ ಸಿಡಿಲು ಮಳೆ ಸುರಿಯಿತೆಂದು ನೋಡಿದವರು ಬರೆದಿದ್ದಾರೆ. ಬರಬೇಕಾಗಿದ್ದ ಮಳೆ ಒಂದು ದಿನ ತಡವಾಗಿ ಬಂತು.

ಆ ರಾತ್ರಿಯೆಲ್ಲ ಪಟ್ಟಣದಲ್ಲಿ ಸುಲಿಗೆ. ಹೊಸದಾಗಿ ಅಧಿಕಾರ ವಹಿಸಿಕೊಂಡ ಕರ್ನಲ್ ಆರ್ಥರ್ ವೆಲ್ಲೆಸ್ಲಿಯು ಸುಲಿಗೆಗಾರರಲ್ಲಿ ನಾಲ್ವರನ್ನು ನೇಣಿಗೇರಿಸಿದ ಮೇಲೆಯೇ ಅದು ನಿಂತಿತು. ಅನಂತರ ಲೆಕ್ಕಬದ್ಧವಾದ ಹಂಚಿಕೆ ಆರಂಭವಾಯಿತು. ಚಿನ್ನದ ತಗಡು ಹೊದಿಸಿದ ಸಿಂಹಾಸನವನ್ನು ತುಂಡು ತುಂಡಾಗಿ ಒಡೆದು ಹಂಚಿದರು. ಪುಸ್ತಕ ಭಂಡಾರದ ಸುಮಾರು ಎರಡು ಸಾವಿರ ಹೊತ್ತಗೆಗಳು ಕಲ್ಕತ್ತೆಗೂ ಲಂಡನ್ನಿಗೂ ಹೋದುವು. ಸಿಪಾಯಿಯ ಮೇಲೆ ಎರಗಿದ ಮರದ ಹುಲಿಯ ಬೊಂಬೆಯು ಇಂದು ಲಂಡನ್ನಿನ ವಿಕ್ಟೋರಿಯಾ ಮತ್ತು ಆಲ್ಬರ್ಟ್ ವಸ್ತುಸಂಗ್ರಹಾಲಯದಲ್ಲಿದೆ. ಸಿಂಹಾಸನದ ಮುಂದಿನ ಚಿನ್ನದ ಹುಲಿಯ ತಲೆಯೂ, ಮೇಲಿನ ರತ್ನಖಚಿತವಾದ ಹುಮಾ ಪಕ್ಷಿಯೂ ಇಂಗ್ಲೆಂಡಿನ ಅರಸರ ವಿಂಡ್ಸರ್ ಕೋಟೆಯನ್ನು ಸೇರಿದುವು. ವಿಂಡ್ಸರ್ ಸಹ ನದಿಯ ದಡದ ಒಂದು ಹಳೆಯ ಪಟ್ಟಣ. ಥೇಮ್ಸ್ ನದಿಯ ಮೇಲೆ ಹನ್ನೊಂದನೆಯ ಶತಮಾನದಲ್ಲಿ ಎದ್ದ ಅಲ್ಲಿನ ಕೋಟೆಯಲ್ಲಿ ಇಂದಿಗೂ ರಾಜಮನೆತನದ ದೀಪ ಉರಿಯುತ್ತದೆ. ಒಂದು ಹೊಳೆಯ ಅರಮನೆಯ ಹಕ್ಕಿ ಇನ್ನೊಂದು ಹೊಳೆಯ ಅರಮನೆಯಲ್ಲಿ ಗೂಡು ಮಾಡಿತು. ಅರಮನೆಗಳ ಬಾಳು ಇಟ್ಟಿಗೆ ಗಾರೆಗಳಿಂದ ನಿಶ್ಚಯವಾಗುವುದಿಲ್ಲವೆಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಕೆ?

ಪಟ್ಟಣವನ್ನು ನಿಜವಾಗಿ ಬರಿದು ಮಾಡಿದುದು ಆ ಮಧ್ಯಾಹ್ನದ ಕಾಳಗವಲ್ಲ, ಅನಂತರದ ಒಂದು ತೀರ್ಮಾನ. ೧೭೯೬ರಲ್ಲಿ ಅರಮನೆಯನ್ನು ಕಳೆದುಕೊಂಡು ಬಡ ಮನೆಯೊಂದರಲ್ಲಿ ದಿನ ನೂಕುತ್ತಿದ್ದ ಒಡೆಯರ ಮನೆತನದಲ್ಲಿ ಐದು ವರ್ಷದ ಬಾಲಕನಿದ್ದನು. ೧೭೯೪ರಲ್ಲಿ ಈ ಕೋಟೆಯೊಳಗೇ ಹುಟ್ಟಿದ ಆ ಮಗುವಿಗೆ ೧೭೯೯ರ ಜೂನ್ ೩೦ರಂದು ಪಟ್ಟಾಭಿಷೇಕವಾಯಿತು. ಆದರೆ ಶ್ರೀರಂಗಪಟ್ಟಣದಲ್ಲಲ್ಲ, ಮೈಸೂರಿನಲ್ಲಿ. ಮುಮ್ಮಡಿ ಕೃಷ್ಣರಾಜ ಒಡೆಯರೆಂದು ಹೆಸರಾದವರು ಇವರೇ. ದ್ವೀಪವನ್ನು ಇಂಗ್ಲಿಷರು ತಮ್ಮ ಕೈಯಲ್ಲಿಯೇ ಇಟ್ಟುಕೊಂಡರು. ಮೈಸೂರಿನಲ್ಲಿ ಆಗ ಕೋಟೆಯೂ ಇರಲಿಲ್ಲ, ಅರಮನೆಯೂ ಇರಲಿಲ್ಲ. ಹಿಂದೆ ಟಿಪ್ಪುವು ಅಲ್ಲಿನ ಹಳೆಯ ಕೋಟೆಯನ್ನು ಕೆಡವಿಸಿ, ಆ ಕಲ್ಲುಗಳಿಂದ ಮೂಡಣ ದಿಬ್ಬದ ಮೇಲೆ ನಜರಾಬಾದನ್ನು ಕಟ್ಟಿಸತೊಡಗಿದ್ದನು. ಈಗ ಅದೇ ಕಲ್ಲುಗಳು ಹೊರಟ ದಾರಿಯಲ್ಲಿಯೇ ಹಿಂದಿರುಗಿ ಮೈಸೂರಿನ ಕೋಟೆಯಾದುವು.

ರಾಜಧಾನಿ ಹೋಯಿತು; ಜನರೂ ಹೋದರು. ೧೮೦೦ರಲ್ಲಿ ಬುಕಾನನನು ಮನೆಗಳನ್ನು ಲೆಕ್ಕ ಹಾಕಿದಾಗ ಕೋಟೆಯೊಳಗೆ ೪,೧೬೩, ಗಂಜಾಮಿನಲ್ಲಿ ೨,೨೧೬. ಮನೆಗೆ ಐವರಂತೆ ಒಟ್ಟು ೩೧,೮೯೫ ಜನ. ಒಂದೂವರೆ ಲಕ್ಷವೆಂಬ ಅಂದಾಜು ಸರಿಯಾಗಿದ್ದರೆ ಒಂದೇ ವರ್ಷದಲ್ಲಿ ಐದು ಪಾಲಿನಲ್ಲಿ ಸುಮಾರು ನಾಲ್ಕು ಪಾಲು ಜನರು ಚದುರಿದರೆಂದಾಯಿತು. ಉಳಿದಿದ್ದ ಇಂಗ್ಲಿಷ್ ದಂಡನ್ನು ಚಳಿಜ್ವರ ಕಾಡಿತು. ಕೋಟೆಯ ಹೊರಗಿನ ಗೋರಿದೋಟದಲ್ಲಿ, ಇಂಗ್ಲಿಷರ ಪರವಾಗಿ ಕಾದಾಡಿದ ದ ಮ್ಯೂರಾನ್ ಪಡೆಯ ಸ್ವಿಟ್ಜರ್ಲೆಂಡಿನವರೂ ಕಾವೇರಿಯ ದಡದಲ್ಲಿ ಮಣ್ಣಾಗಿದ್ದಾರೆ. ೧೮೦೯ರಲ್ಲಿ ಬೆಂಗಳೂರಿನಲ್ಲಿ ದಂಡುಪ್ರದೇಶ ಏರ್ಪಟ್ಟಿತು. ಒಂದೆರಡು ವರ್ಷಗಳಲ್ಲಿ ಸೈನ್ಯದ ಮುಖ್ಯ ಠಾಣ್ಯವೂ ಅಲ್ಲಿಗೆ ಹೋಯಿತು. ಇಪ್ಪತ್ತನೆಯ ಶತಮಾನದ ಆರಂಭದ ಜನಗಣತಿಯಲ್ಲಿ ಊರಿನ ಜನಸಂಖ್ಯೆ ಹತ್ತು ಸಾವಿರವನ್ನೂ ಮುಟ್ಟಲಿಲ್ಲ.

ಒಡೆಯನಿಲ್ಲದ ಲಾಲ್ ಮಹಲು ಮೆಲ್ಲಮೆಲ್ಲನೆ ಕರಗಿತು. ಬಹುಭಾಗವನ್ನು ಕೆಡವಿದರು, ಉಳಿದ ಭಾಗವು ಹತ್ತೊಂಬತ್ತನೆಯ ಶತಮಾನದಲ್ಲಿ ಶ್ರೀಗಂಧದ ಮರವನ್ನು ರಾಶಿ ಹಾಕುವ ಉಗ್ರಾಣವಾಯಿತು. ಹುಲಿಗಳನ್ನು ಕಟ್ಟುತ್ತಿದ್ದ ಅರಮನೆಯಲ್ಲಿ ಗಂಧದ ಕೊರಡುಗಳ ವಾಸನೆ. ದ್ವೀಪದ ಮೂಡಣ ತುದಿಯ ಲಾಲ್ ಬಾಗಿನಲ್ಲಿ ಮತ್ತೊಂದು ಅರಮನೆಯಿತ್ತು. ೧೮೨೯ರಲ್ಲಿ ನೀಲಗಿರಿಯ ಉದಕಮಂಡಲದಲ್ಲಿ ಸಂತ ಸ್ಟೀಫನ್ನರ ಇಗರ್ಜಿಗೆ ಅಸ್ತಿಭಾರ ಹಾಕಿದಾಗ, ಅದಕ್ಕೆ ಬೇಕಾದ ದೊಡ್ಡ ತೊಲೆಗಳನ್ನು ಈ ಲಾಲ್ ಬಾಗಿನ ಅರಮನೆಯಿಂದ ಕಿತ್ತು ಬೆಟ್ಟಕ್ಕೆ ಸಾಗಿಸಿದರು. ಕಾವೇರಿಯ ಗಾಳಿಯಲ್ಲಿ ನಿಂತಿದ್ದ ಮರಗಳು ಇಂದು ಮಂಜಿನ ಬೆಟ್ಟದಲ್ಲಿ ಪ್ರಾರ್ಥನಾಮಂದಿರವೊಂದರ ಮಾಡನ್ನು ಹೊತ್ತಿವೆ. ಜಿನಾಲಯದ ಕಲ್ಲು ರಂಗನ ಗುಡಿಗೆ. ಮೈಸೂರಿನ ಕಲ್ಲು ನಜರಾಬಾದಿಗೆ, ಮತ್ತೆ ಮೈಸೂರಿಗೆ. ಸುಲ್ತಾನನ ತೊಲೆ ಇಗರ್ಜಿಗೆ. ಈ ಸಾಲಿನಲ್ಲಿ ಯಾವ ಒಬ್ಬರನ್ನೂ ಮಾತ್ರ ಆರಿಸಿ ದೂರುವುದು ನ್ಯಾಯವಲ್ಲ. ಯಾರೊಬ್ಬರನ್ನೂ ಪೂರ್ತಿಯಾಗಿ ಮನ್ನಿಸುವುದೂ ನ್ಯಾಯವಲ್ಲ.

ಈಗ ಮೊದಲಿನ ಪ್ರಶ್ನೆಗೆ ಬರೋಣ. ಗುಡಿ, ಮಸೀದಿ, ಗುಂಬಜು, ದರಿಯಾ ದೌಲತ್ ಇವು ಏಕೆ ಉಳಿದುವು? ಗೋಡೆಯ ಭದ್ರತೆಯಿಂದ ಅಲ್ಲ. ದರಿಯಾ ದೌಲತ್ ಬಹುಮಟ್ಟಿಗೆ ಮರದ ಕಟ್ಟಡ. ಅದರಲ್ಲಿ ವೆಲ್ಲೆಸ್ಲಿಯು ವಾಸಮಾಡಿದ್ದರಿಂದ ಅದು ಬಾಳಿತು. ಗೋಡೆಯ ಮೇಲಿನ ಪೊಳ್ಳಿಲೂರು ಕಾಳಗದ ಚಿತ್ರಗಳು ತಮ್ಮವರ ಸೋಲನ್ನೇ ತೋರಿಸುತ್ತಿದ್ದರೂ ಡಾಲ್‌ಹೌಸಿಯು ಅವುಗಳಿಗೆ ಮತ್ತೆ ಬಣ್ಣ ಹಾಕಿಸಿದನು. ಗುಂಬಜಿಗೆ ದಂತದ ಕೆಲಸದ ಬಾಗಿಲುಗಳನ್ನು ಕೊಡಿಸಿದವನೂ ಅವನೇ. ಗುಡಿಯಲ್ಲಿ ಅರಸರು ಬದಲಾದರೂ ಪೂಜೆ ತಪ್ಪಲಿಲ್ಲ. ಹುಲಿಗಳ ಓಣಿಗೆ ಕೂಗಳತೆಯ ದೂರದಲ್ಲಿ ರಂಗನಾಥನ ಗಂಟೆ ಟಿಪ್ಪುವಿನ ಕಾಲದಲ್ಲಿಯೂ ಮೊಳಗುತ್ತಿತ್ತು. ಮಸೀದಿಯಲ್ಲಿ ನಮಾಜು ನಿಲ್ಲಲಿಲ್ಲ. ಪೂರ್ಣಯ್ಯನವರು ದಿವಾನರಾಗಿದ್ದಾಗ, ೧೮೦೪ರಲ್ಲಿ, ಕಲ್ಲಿನ ಕಂಬಗಳ ಮೇಲೆ ಮುಗಿಯಿಸಿದ ವೆಲ್ಲೆಸ್ಲಿ ಸೇತುವೆಯೂ ಎಷ್ಟೋ ಪ್ರವಾಹಗಳನ್ನು ತಡೆದು ನಿಂತಿತು; ಅದನ್ನು ದಾಟುವವರು ಇದ್ದರು. ಯಾವ ಕಟ್ಟಡದೊಳಕ್ಕೆ ಬೇರೆ ಬೇರೆ ಜನರು ಬೇರೆ ಬೇರೆ ಕಾಲದಲ್ಲಿ ತಮ್ಮ ಕಾರಣಕ್ಕಾಗಿ ಬರುತ್ತಲೇ ಇದ್ದರೋ ಅದು ಉಳಿಯಿತು. ಯಾವ ಕಟ್ಟಡದ ಬಾಗಿಲಲ್ಲಿ ಜನರು ಬಾರದಂತೆ ಹುಲಿ ಕಟ್ಟಿತ್ತೋ ಅದನ್ನು ಕೆಡವುವಾಗ ತಡೆಯುವವರು ಯಾರೂ ಇರಲಿಲ್ಲ. ಒಡೆಯರ ಹಳೆಯ ಅರಮನೆಗೂ ಇದೇ ಗತಿಯಾದುದರಿಂದ ಈ ಮಾತನ್ನು ಒಂದು ವಂಶಕ್ಕೆ ಮಾತ್ರ ಕಟ್ಟಬೇಕಾಗಿಲ್ಲ.

ಇತ್ತೀಚಿನ ಒಂದು ಸಂಗತಿಯನ್ನು ಹೇಳಿ ಮುಗಿಸುತ್ತೇವೆ. ಬೆಂಗಳೂರು ಮೈಸೂರು ರೈಲು ದಾರಿಯನ್ನು ಜೋಡಿ ಮಾರ್ಗವಾಗಿ ಮಾಡುವಾಗ ಶ್ರೀರಂಗಪಟ್ಟಣದ ನಿಲ್ದಾಣದ ಬಳಿ ಟಿಪ್ಪುವಿನ ಕಾಲದ ಮದ್ದಿನ ಮನೆಯೊಂದು ಅಡ್ಡ ಬಂತು. ಇಟ್ಟಿಗೆ ಗಾರೆಯ ಚಿಕ್ಕ ಕಟ್ಟಡ; ಅಂದವೂ ಅಷ್ಟಕ್ಕಷ್ಟೆ. ಹಿಂದಿನ ಕಾಲವಾಗಿದ್ದರೆ ಒಂದು ದಿನದ ಹಾರೆ ಕೆಲಸ. ಆದರೆ ವಾದಗಳು ನಡೆದುವು; ವರ್ಷಗಳು ಕಳೆದುವು; ಕಡೆಗೆ ೨೦೧೭ರಲ್ಲಿ ಸುಮಾರು ಸಾವಿರ ಟನ್ ತೂಕದ ಆ ಕಟ್ಟಡವನ್ನು ಒಂದು ಇಟ್ಟಿಗೆಯನ್ನೂ ಬಿಚ್ಚದೆ, ತಳದಿಂದ ಯಂತ್ರಗಳಿಂದ ಎತ್ತಿ, ನೂರು ಮೀಟರಿಗೂ ಮಿಕ್ಕಿದ ದೂರಕ್ಕೆ ಉರುಳಿಸಿಕೊಂಡು ಹೋಗಿ ಇಟ್ಟರು. ಈ ಸೀಮೆಯಲ್ಲಿ ಕಲ್ಲುಗಳು ಊರಿಂದೂರಿಗೆ ಹೋದುದುಂಟು. ಕಟ್ಟಡವೇ ತಾನಾಗಿ ಉಳಿದು ಹೋದುದು ಇದೇ ಮೊದಲೆಂದು ತೋರುತ್ತದೆ. ಅದರಲ್ಲಿ ಮದ್ದನ್ನು ತುಂಬುವ ಅರಸನಿಲ್ಲ, ಅದನ್ನು ಕಾಯುವ ಸಿಪಾಯಿಯಿಲ್ಲ. ಆದರೂ ಅದು ನಮ್ಮದೆಂದು ಹೇಳುವವರು ಹುಟ್ಟಿಕೊಂಡರು. ಲಾಲ್ ಮಹಲಿಗೆ ದೊರೆಯದೆ ಹೋದುದು ಇದೊಂದೇ.

ಕೇಳುಗರಲ್ಲಿ ಯಾರಾದರೂ ಮುಂದಿನ ಸಲ ಆ ಎರಡು ಸೇತುವೆಗಳ ನಡುವೆ ಹಾದುಹೋಗುವಾಗ ಇಳಿಯುವ ಮನಸ್ಸು ಮಾಡಿದರೆ, ಗುಡಿ ಗುಂಬಜುಗಳನ್ನು ನೋಡಿಕೊಂಡು ಆ ಮೋಟು ಗೋಡೆಗಳ ಬಳಿಗೂ ಒಂದಿಷ್ಟು ಹೊತ್ತು ಹೋಗಿ ನಿಲ್ಲಬೇಕೆಂದು ನಮ್ಮ ಕೋರಿಕೆ. ಅಲ್ಲಿಂದ ಸ್ವಲ್ಪ ದೂರ ನಡೆದರೆ ಹೊಳೆ. ಪಶ್ಚಿಮವಾಹಿನಿಯಲ್ಲಿ ತಮ್ಮವರ ಅಸ್ಥಿಯನ್ನು ಬಿಡಲು ಬಂದವರು ನೀರಿಗಿಳಿದಿರುತ್ತಾರೆ. ೧೯೩೨ರಲ್ಲಿ ಕನ್ನಂಬಾಡಿಯ ಕಟ್ಟೆ ಮುಗಿದಂದಿನಿಂದ ಕಾವೇರಿಯ ಏರಿಳಿತ ಹಿಂದಿನಂತೆ ಸ್ವತಂತ್ರವಾಗಿಲ್ಲ. ಮುಂಗಾರನ್ನು ಕಾಯುವ ದಂಡೂ ಇಲ್ಲ. ಬಂಡೆಗಳ ನಡುವೆ ನೀರು ಮಾತ್ರ, ೧೭೯೯ರ ಆ ಮಧ್ಯಾಹ್ನದಂತೆಯೇ, ಮೊಣಕಾಲುದ್ದ ಹರಿಯುತ್ತಿರುತ್ತದೆ.